ಪೂಸಾ ರೂಬಿ, ಅರ್ಕಾ ವಿಕಾಸ್

ಟೊಮೆಟೊ ಇಲ್ಲದ ಸಾರು ನಮ್ಮ ತಲೆಮಾರಿನವರಿಗೆ ರುಚಿಸುವುದಿಲ್ಲ. ದೆಹಲಿಯಲ್ಲಿ ಯಾವ ಕನ್ನಡಿಗರ ಮನೆಗೆ ಹೋದರೂ ‘ನಮ್ಮೂರ ಸಾರು’ ಅಂತ ಬಡಿಸುವುದು ಅದನ್ನೇ. ಆದರೆ ಶ್ರಾದ್ಧದ ಅಡುಗೆಯಲ್ಲಿ ಎಷ್ಟೋ ಮನೆಗಳವರು ಇಂದಿಗೂ ಟೊಮೆಟೊ ಮುಟ್ಟುವುದಿಲ್ಲ. ಹಿರಿಯರು ಕಂಡರಿಯದ ತರಕಾರಿ ಅದು.

ಅದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಸೀಮೆ. ಹೆಸರು ಬಂದದ್ದು ಮೆಕ್ಸಿಕೊದ ನಹುವಾಟ್ಲ್ ಭಾಷೆಯಿಂದ. 16ನೇ ಶತಮಾನದಲ್ಲಿ ಸ್ಪೇನಿನವರ ಮೂಲಕ ಯುರೋಪು ಸೇರಿತು. 1544ರಲ್ಲಿ ಇಟಲಿಯ ಮತ್ತಿಯೋಲಿ ಅದನ್ನು ಒಂದು ಬಗೆಯ ಬದನೆಯೆಂದು ಬರೆದ. ಬಂಗಾಳಿಗಳು ಇಟ್ಟ ಹೆಸರೂ ‘ಬಿಲಾತಿ ಬೇಗುನ್’, ಅಂದರೆ ವಿಲಾಯಿತಿ ಬದನೆ. ಹೊಸಬರನ್ನು ಗೊತ್ತಿದ್ದ ಹೆಸರಿನಲ್ಲೇ ಕರೆಯುವುದು ಲೋಕರೂಢಿ. ಈ ಊರಲ್ಲಿ ನಮ್ಮನ್ನೆಲ್ಲ ‘ಮದ್ರಾಸಿ’ ಅಂದದ್ದೂ ಹಾಗೆಯೇ ತಾನೆ?

ದೆಹಲಿಯ ಪೂಸಾ ಕೂಡ ದೆಹಲಿಯದಲ್ಲ. 1905ರಲ್ಲಿ ಬಿಹಾರದ ಪೂಸಾ ಎಂಬಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಶುರುವಾಯಿತು. 1934ರ ಭೂಕಂಪದಲ್ಲಿ ಅದರ ಕಟ್ಟಡ ಹಾಳಾಗಿ, 1936ರಲ್ಲಿ ಸಂಸ್ಥೆ ದೆಹಲಿಗೆ ಬಂತು. ಜೊತೆಗೆ ಊರಿನ ಹೆಸರನ್ನೂ ತಂದಿತು. ಇಲ್ಲಿ ಹುಟ್ಟಿದ ‘ಪೂಸಾ ರೂಬಿ’ ಟೊಮೆಟೊ, ಅಮೆರಿಕದ ‘ಸೂ’ ತಳಿಗೂ ಮೀರತ್ತಿನ ಹೆಸರಿನ ‘ಇಂಪ್ರೂವ್ಡ್ ಮೀರುತಿ’ಗೂ ಆದ ಸಂಕರ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆ ತನ್ನ ತಳಿಗಳಿಗೆ ಅರ್ಕಾವತಿ ನದಿಯ ಹೆಸರಿಟ್ಟಿತು. ‘ಅರ್ಕಾ ವಿಕಾಸ್’ ಹೆಸರು ನಮ್ಮ ಹೊಳೆಯದು, ಮೂಲ ಮಾತ್ರ ‘ಟಿಪ್ ಟಾಪ್’ ಎಂಬ ಅಮೆರಿಕನ್ ತಳಿ.

ಇವೆರಡನ್ನೂ ನಾನು ಬಾಲ್ಕನಿಯಲ್ಲಿ ಹನ್ನೆರಡು ಇಂಚಿನ ಕುಂಡಗಳಲ್ಲಿ ಬೆಳೆಸುತ್ತೇನೆ. ಇಲ್ಲಿಯ ಚಳಿ ದೊಡ್ಡ ತೊಡಕು. ರಾತ್ರಿ ಸುಮಾರು 13 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸರಿಯಾಗಿ ಕೆಲಸ ಮಾಡದೆ ಹೂವು ಉದುರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬಿದಿರಿನ ಕಡ್ಡಿ ನೆಟ್ಟು ಪ್ಲಾಸ್ಟಿಕ್ ಹೊದಿಸುತ್ತೇನೆ. ಅದೇ ನಮ್ಮ ಹಸಿರುಮನೆ! ಹಗಲು ತೆರೆಯದಿದ್ದರೆ ಒಳಗೆ ನೀರು ಬೆವತು ಎಲೆಗೆ ರೋಗ ಹಿಡಿಯುತ್ತದೆ. ಟೊಮೆಟೊ ಹೂವಿಗೆ ತನ್ನ ಪರಾಗವೇ ಸಾಕು, ಆದರೆ ಅದನ್ನು ಉದುರಿಸಲು ಗಾಳಿ ಬೇಕು. ಮರೆಯೊಳಗೆ ಗಾಳಿಯಾಡದಾಗ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ‘ಪೂಸಾ ಚೆರ್ರಿ ಟೊಮೆಟೊ-1’ ಹಸಿರುಮನೆಗೆಂದೇ ಬಂದ ತಳಿ. ಉದ್ದಕ್ಕೆ ಬೆಳೆಯುತ್ತಲೇ ಹೋಗುವ ಗಿಡ, ದಾರ ಕಟ್ಟಿ ಮೇಲಕ್ಕೆ ಹಬ್ಬಿಸಬೇಕು. ಗಿಡ ತನ್ನ ಊರನ್ನು ಕೇಳುವುದಿಲ್ಲ. ಆ ಊರಿನ ಬಿಸಿಲು, ಗಾಳಿ, ಬೆಚ್ಚನೆಯ ರಾತ್ರಿ ಕೇಳುತ್ತದೆ.

ನಮ್ಮ ಮಕ್ಕಳು ಇಲ್ಲಿಯೇ ಹುಟ್ಟಿದವರು. ಊರು ಯಾವುದು ಅಂತ ಕೇಳಿದರೆ ತಡವರಿಸುತ್ತಾರೆ. ಇಲ್ಲಿನ ಕನ್ನಡಿಗರಿಗೆ ಅವರು ದೆಹಲಿಯವರು, ಪಕ್ಕದ ಮನೆಯವರಿಗೆ ಕರ್ನಾಟಕದವರು. ಎರಡರಲ್ಲಿ ಒಂದನ್ನು ಆರಿಸು ಅಂತ ನಾವು ಒತ್ತಾಯಿಸುವುದು ಸರಿಯೇ? ಪೂಸಾ ರೂಬಿಯಲ್ಲಿ ಬಿಹಾರದ ಹೆಸರು, ಅಮೆರಿಕ ಮತ್ತು ಮೀರತ್ತಿನ ರಕ್ತ, ದೆಹಲಿಯ ಮಣ್ಣು ಮೂರೂ ಸೇರಿವೆ. ಅದರ ಬೀಜ ತೆಗೆದಿಟ್ಟು ಮುಂದಿನ ವರ್ಷ ಬಿತ್ತಿದರೂ ಪೂಸಾ ರೂಬಿಯೇ ಬರುತ್ತದೆ.