ಆಳದಲ್ಲಿ ಬೆಂದು, ಏರುವಾಗ ಕರಗಿದ ಬಂಡೆ

ಪಶ್ಚಿಮ ನೈಸ್ ವಲಯ, ನಾರ್ವೆ

ಸುಮಾರು 40 ಕೋಟಿ ವರ್ಷಗಳ ಹಿಂದೆ ಎರಡು ಭೂಖಂಡಗಳು ಡಿಕ್ಕಿ ಹೊಡೆದಾಗ, ನಾರ್ವೆಯ ಈ ಕರಾವಳಿಯ ಶಿಲೆಗಳು ಗ್ರೀನ್‌ಲ್ಯಾಂಡ್ ಇದ್ದ ಖಂಡದ ಅಡಿಗೆ ಜಾರಿ 100 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದವು. ಇದಕ್ಕೆ ಸಾಕ್ಷಿ ಇಲ್ಲಿ ಸಿಕ್ಕಿರುವ, ಭಾರಿ ಒತ್ತಡದಲ್ಲಿ ರೂಪುಗೊಳ್ಳುವ ಕೋಯೆಸೈಟ್ ಖನಿಜ ಮತ್ತು ಸೂಕ್ಷ್ಮ ವಜ್ರಗಳು. (ಒಡವೆಗೆ ಒದಗುವಂಥವಲ್ಲ, ಸೂಕ್ಷ್ಮದರ್ಶಕಕ್ಕೇ ಕಾಣುವಂಥವು.)

ಬಂಡೆ ಹೆಚ್ಚಾಗಿ ಕರಗಿದ್ದು ಮರಳಿ ಮೇಲೇರುವಾಗ. ಕಾವು ಹಾಗೇ ಉಳಿದು ಒತ್ತಡ ಇಳಿದಂತೆ ಬಿಳಿ ಅಭ್ರಕ ವಿಘಟನೆಯಾಯಿತು. ಅದರ ಹರಳಿನಲ್ಲಿ ಸೆರೆಯಾಗಿದ್ದ ನೀರಿನಂಶ ಕರಗಿದ ದ್ರವಕ್ಕೆ ಸೇರಿತು. ಬಿಳಿ ಪಟ್ಟೆಗಳನ್ನು ನೋಡಿ: ಕರಗಿ ಮತ್ತೆ ಗಟ್ಟಿಯಾದ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್. ಅವುಗಳ ಅಂಚಿನ ಕಪ್ಪು ಗೆರೆ ಕರಗದೆ ಉಳಿದ ಕರಿ ಅಭ್ರಕ. ಇಂಥ ಬೆರಕೆ ಶಿಲೆಯೇ ಮಿಗ್ಮಟೈಟ್.

ಕರಗಿದ್ದು ಅಲ್ಪವೇ ಆದರೂ ಬಂಡೆ ಮೆತ್ತಗಾಗಿ ಬೇಗ ಮೇಲೇರಿತೆಂದು ಹಲವು ಭೂವಿಜ್ಞಾನಿಗಳ ವಾದ. ಪಟ್ಟೆಗಳ ಬಳುಕು ನೋಡಿದರೆ ಒಪ್ಪುವಂತಿದೆ.