ಸದ್ದು ಮತ್ತು ಶಾಸನ: ಸೈಲೆನ್ಸರಿನ ಒಂದು ಚಿಕ್ಕ ಚರಿತ್ರೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡಿದ. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ತನ್ನ ಮೋಟಾರ್ ಸೈಕಲ್ಲಿಗೆ ಕಂಪನಿಯ ಸೈಲೆನ್ಸರ್ ತೆಗೆಸಿ, ಹೊರಗೆ ಕೊಂಡ ದೊಡ್ಡ ಸದ್ದಿನ ಸೈಲೆನ್ಸರ್ ಹಾಕಿಸಿದ್ದನಂತೆ. ಪೊಲೀಸರು ತಡೆದು, ದಂಡ ಹಾಕಿ, ಅದನ್ನು ಬಿಚ್ಚಿಸಿ ಇಟ್ಟುಕೊಂಡರಂತೆ. "ಸರ್, ನಾನು ಯಾರಿಗೂ ಡಿಕ್ಕಿ ಹೊಡೆದಿಲ್ಲ, ಕುಡಿದಿರಲಿಲ್ಲ, ಹೆಲ್ಮೆಟ್ಟೂ ಹಾಕಿದ್ದೆ. ಬರೀ ಸದ್ದಿಗೂ ಒಂದು ಕಾನೂನಾ?" ಎಂದು ಕೇಳಿದ. ಆಮೇಲೆ ನಗುತ್ತಾ, "ನಿಮ್ಮ ಯೆಜ್ಡಿ ಬಂದ್ರೆ ಇಡೀ ಊರಿಗೇ ಗೊತ್ತಾಗ್ತಿತ್ತು ಅಂತ ನಮ್ಮಪ್ಪ ಇವತ್ತಿಗೂ ಹೇಳ್ತಾರೆ ಸರ್" ಎಂದ.

ಅವನ ಪ್ರಶ್ನೆಗೆ ನಾನು ಎರಡು ಕಾರಣಗಳಿಂದ ಉತ್ತರಿಸಬೇಕಾಗಿದೆ. ಒಂದು, ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನೆಂಬ ಕಾರಣಕ್ಕೆ. ಇನ್ನೊಂದು, ಅವನ ತಂದೆ ಹೇಳಿದ ಮಾತು ನಿಜವಾದ ಕಾರಣಕ್ಕೆ.

ಸ್ವಯಂಚಾಲಿತ ವಾಹನಗಳ ಬಗ್ಗೆ ಮೊದಮೊದಲು ಹುಟ್ಟಿದ ಕಾನೂನುಗಳು, ವಾಹನ ಬರುತ್ತಿದೆಯೆಂಬ ಎಚ್ಚರಿಕೆ ಇತರರಿಗೆ ಸಿಗಬೇಕೆಂದು ವಿಧಿಸಿದವು. ಇಂಗ್ಲೆಂಡಿನಲ್ಲಿ 1865ರ ಶಾಸನವು ರಸ್ತೆಯ ಮೇಲೆ ಚಲಿಸುವ ಉಗಿಯಂತ್ರದ ಮುಂದೆ ಕೆಂಪು ಬಾವುಟ ಹಿಡಿದ ಮನುಷ್ಯನೊಬ್ಬ ನಡೆಯಬೇಕೆಂದು ಹೇಳಿತು. 1896ರಲ್ಲಿ ಹಗುರವಾದ ವಾಹನಗಳಿಗೆ ಆ ಕಟ್ಟಳೆಯಿಂದ ಬಿಡುಗಡೆ ದೊರೆಯಿತು. ಆದರೆ ಎಚ್ಚರಿಕೆ ಕೊಡಲು ಗಂಟೆಯನ್ನೋ ಅಂತಹ ಬೇರೊಂದು ಸಾಧನವನ್ನೋ ಇಟ್ಟುಕೊಳ್ಳಬೇಕೆಂಬ ನಿಯಮ ಬಂದಿತು. ಕುದುರೆಗಾಡಿಗಳ ನಡುವೆ ನುಗ್ಗಿ ಬರುವ ಹೊಸ ಯಂತ್ರದ ಬಗೆಗೆ ಜನರಿಗಿದ್ದ ಭಯ ಅಂಥದು.

ಪೆಟ್ರೋಲ್ ಎಂಜಿನ್ನುಗಳು ಹೆಚ್ಚಿದಂತೆ ಸಮಸ್ಯೆ ತಿರುಗುಮುರುಗಾಯಿತು. ಎಂಜಿನ್ನಿನೊಳಗೆ ಉರಿದ ಅನಿಲವು ಭಾರಿ ಒತ್ತಡದಿಂದ ಒಮ್ಮೆಲೇ ಹೊರಗೆ ಚಿಮ್ಮುತ್ತದೆ. ಕ್ಷಣಕ್ಷಣಕ್ಕೂ ನಡೆಯುವ ಈ ಸಣ್ಣ ಸ್ಫೋಟಗಳ ಸರಣಿಯೇ ನಮಗೆ ಕೇಳಿಸುವ ಅಬ್ಬರ. ಆ ಅನಿಲವನ್ನು ಕೋಣೆಗಳಲ್ಲಿ ಹಿಗ್ಗಲು ಬಿಟ್ಟು, ರಂಧ್ರಗಳುಳ್ಳ ಕೊಳವೆಗಳ ಮೂಲಕ ಸುತ್ತಾಡಿಸಿ ಹೊರಬಿಟ್ಟರೆ ಶಬ್ದದ ಅಲೆಗಳು ಒಂದನ್ನೊಂದು ಬಹುಮಟ್ಟಿಗೆ ಕುಂದಿಸುತ್ತವೆ. ಸೈಲೆನ್ಸರಿನ ತತ್ತ್ವ ಇಷ್ಟೇ. ಅಮೆರಿಕದ ರೀವ್ಸ್ ಸಹೋದರರು 1897ರಷ್ಟು ಹಿಂದೆಯೇ ಇಂತಹ ಸಾಧನಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಅಂದಿನ ಸವಾರರೂ ಇಂದಿನವರಂತೆಯೇ ಇದ್ದರು. ಸೈಲೆನ್ಸರನ್ನು ತಪ್ಪಿಸಿ ಹೊಗೆಯನ್ನು ನೇರವಾಗಿ ಹೊರಬಿಡುವ ಕಟ್-ಔಟ್ ಎಂಬ ಕವಾಟವನ್ನು ಗಾಡಿಗೆ ಜೋಡಿಸಿಕೊಂಡು, ಊರೊಳಗೆ ಮುಚ್ಚುವುದು, ಊರು ದಾಟಿದೊಡನೆ ತೆರೆಯುವುದು ರೂಢಿಯಾಯಿತು. ಊರೊಳಗೂ ಮುಚ್ಚದವರು ಹೆಚ್ಚಾದಾಗ ಕಾನೂನು ಮಧ್ಯೆ ಬಂದಿತು.

ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ 1907ರಲ್ಲಿ ಮೋಟಾರು ಪಂದ್ಯಗಳಿಗೆಂದೇ ಒಂದು ಪಥ ನಿರ್ಮಾಣವಾಯಿತು. ಸುತ್ತಲಿನ ನಿವಾಸಿಗಳು ವರ್ಷಗಟ್ಟಲೆ ಸದ್ದನ್ನು ಸಹಿಸಿ, ಕೊನೆಗೆ 1920ರ ದಶಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಅದರ ಫಲವಾಗಿ ಅಲ್ಲಿ ಪಂದ್ಯದ ವಾಹನಗಳಿಗೂ ಡಬ್ಬಿಯಾಕಾರದ ದೊಡ್ಡ ಸೈಲೆನ್ಸರ್ ಕಡ್ಡಾಯವಾಯಿತು. ಮೀನಿನ ಬಾಲದಂತಹ ತುದಿಯಿದ್ದ ಅದಕ್ಕೆ "ಬ್ರೂಕ್‌ಲ್ಯಾಂಡ್ಸ್ ಡಬ್ಬಿ" ಎಂದೇ ಹೆಸರು ಬಿದ್ದಿತು. ಸದ್ದು ತಗ್ಗಿದ ಮೇಲೂ ಅಲ್ಲಿ ಪಂದ್ಯಗಳು ನಡೆದವು, ವೇಗದ ದಾಖಲೆಗಳು ಮುರಿದವು. ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ನಿವಾಸಿಗಳಿಗೆ ವಕೀಲರನ್ನಿಟ್ಟು ವ್ಯಾಜ್ಯ ಹೂಡುವ ಶಕ್ತಿಯಿತ್ತು. ಅಂತಹ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಇನ್ನು ನನ್ನ ಯೆಜ್ಡಿಯ ವಿಚಾರ. ಜೆಕ್ ದೇಶದ ಜಾವಾ ಕಂಪನಿಯ ಸಹಯೋಗದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಯಿತು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರ್, ಆದರೆ ಎರಡು ಹೊಗೆಕೊಳವೆ. ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಡಚಿದರೆ ಗೇರು. ಹಳೆಯ ಮೈಸೂರಿನ ಕಡೆಯ ನಮ್ಮ ತಲೆಮಾರಿನವರಿಗೆ ಅದು ಮನೆಯ ಮಗನಂತಹ ಗಾಡಿ.

1987ರಲ್ಲಿ, ಹಾಸನ ಜಿಲ್ಲೆಯ ಹೋಬಳಿ ಊರೊಂದರಲ್ಲಿ ಕೆಲಸಕ್ಕಿದ್ದಾಗ, ನಾನು ಅಂತಹ ಒಂದು ಹಳೆಯ ಗಾಡಿಯನ್ನು ಕೊಂಡೆ. ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಸೈಲೆನ್ಸರಿನೊಳಗೆ ಮಸಿ ಕಟ್ಟುತ್ತಿತ್ತು. ಅದನ್ನು ತೆಗೆಯಲೆಂದು ಒಳಗಿನ ಕೊಳವೆಯನ್ನು ಆಗಾಗ ಬಿಚ್ಚಿ ಸುಟ್ಟು ಶುಚಿಗೊಳಿಸಬೇಕಿತ್ತು. ಒಮ್ಮೆ ಮೆಕ್ಯಾನಿಕ್ ಹುಡುಗ, "ಇದನ್ನ ವಾಪಸ್ ಹಾಕೋದೇ ಬೇಡ ಸಾರ್, ಪಿಕಪ್ ಜಾಸ್ತಿ ಆಗುತ್ತೆ" ಎಂದ. ನಾನು ಹೂಂ ಎಂದೆ. ಪಿಕಪ್ ಹೆಚ್ಚಿತೋ ಇಲ್ಲವೋ, ಸದ್ದಂತೂ ಹೆಚ್ಚಿತು. ಕೆರೆ ಏರಿಯ ಮೇಲೆ ಗಾಡಿ ಬಂದರೆ ಶಾಲೆಯ ಹುಡುಗರು ತಿರುಗಿ ನೋಡುತ್ತಿದ್ದರು. ಇಪ್ಪತ್ತೇಳರ ವಯಸ್ಸಿನ ನನಗೆ ಅದು ಹಿತವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎರಡು ತಿಂಗಳ ಮೇಲೆ ಒಂದು ಸಂಜೆ, ಎದುರುಮನೆಯ ಅಜ್ಜಿ ಸೆರಗು ಹೊದ್ದು ನಮ್ಮ ಜಗುಲಿಯ ಬಳಿ ಬಂದು ನಿಂತರು. ಅವರ ಮಗಳು ಹೆರಿಗೆಗೆ ಬಂದಿದ್ದಳು. "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಗಾಡಿ ಏರಿ ಮೇಲಿರುವಾಗ್ಲೇ ಮಗು ಬೆಚ್ಚಿ ಏಳುತ್ತೆ. ಆಮೇಲೆ ಮಲಗೋದೇ ಇಲ್ಲ. ಬಾಣಂತಿಗೂ ನಿದ್ದೆಯಿಲ್ಲ. ಹದಿನೈದು ದಿನದಿಂದ ಹೇಳ್ಬೇಕು ಅಂತಿದ್ದೆ. ನೀವು ಮೇಷ್ಟ್ರು, ಹೇಗೆ ಹೇಳೋದು ಅಂತ ಸುಮ್ಮನಿದ್ದೆ" ಎಂದರು.

ಮಗುವಿನ ನಿದ್ದೆ ಕೆಟ್ಟಿತೆಂಬುದಕ್ಕಿಂತ ನನ್ನನ್ನು ಹೆಚ್ಚು ಚುಚ್ಚಿದ್ದು ಆ ಹದಿನೈದು ದಿನಗಳ ಮೌನ. ಯಾರೂ ಆಕ್ಷೇಪಿಸಲಿಲ್ಲವೆಂದು ನಾನು ನಿಶ್ಚಿಂತನಾಗಿದ್ದೆ. ಆಕ್ಷೇಪವಿರಲಿಲ್ಲವೆಂದಲ್ಲ, ಅದನ್ನು ಹೇಳುವ ಧೈರ್ಯ ಅವರಿಗಿರಲಿಲ್ಲ. ಮರುದಿನವೇ ಕೊಳವೆಯನ್ನು ಹಾಕಿಸಿದೆ.

ಆಗ ಜಾರಿಯಲ್ಲಿದ್ದುದು 1939ರ ಮೋಟಾರು ವಾಹನ ಕಾಯ್ದೆ. ವಾಹನಗಳ ಶಬ್ದವನ್ನು ತಗ್ಗಿಸಲು ನಿಯಮಗಳನ್ನು ರಚಿಸುವ ಅಧಿಕಾರವನ್ನು ಅದು ಸರ್ಕಾರಗಳಿಗೆ ಕೊಟ್ಟಿತ್ತು. 1989ರ ಜುಲೈ 1ರಂದು ಈಗಿನ, ಅಂದರೆ 1988ರ, ಕಾಯ್ದೆ ಜಾರಿಗೆ ಬಂದಿತು. ಅದರಡಿಯಲ್ಲಿ ಬಂದ ಕೇಂದ್ರ ನಿಯಮಗಳಲ್ಲಿ 120ನೆಯದು ಸೈಲೆನ್ಸರಿನದು. ಪ್ರತಿಯೊಂದು ಮೋಟಾರು ವಾಹನಕ್ಕೂ, ಹೊಗೆ ಹೊರಬೀಳುವಾಗ ಆಗುವ ಶಬ್ದವನ್ನು ಸಾಧ್ಯವಿದ್ದಷ್ಟು ತಗ್ಗಿಸುವ ಸಾಧನವಿರಬೇಕು ಎಂಬುದು ಅದರ ತಾತ್ಪರ್ಯ. ಇದಲ್ಲದೆ ಕಾಯ್ದೆಯ 52ನೆಯ ಕಲಮು, ವಾಹನವನ್ನು ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಬಳಿಕ ಶಬ್ದಮಾಲಿನ್ಯದ ಮಾನದಂಡವನ್ನು ಮೀರಿದ ವಾಹನ ಓಡಿಸಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಚಾಲನಾ ಪರವಾನಗಿಗೂ ಮೂರು ತಿಂಗಳ ಅನರ್ಹತೆ. ಹಿಂದೆ ಮೊದಲ ಸಲದ ದಂಡ ಒಂದು ಸಾವಿರವಿತ್ತು.

ಮಾನದಂಡವೆಂದರೇನು? 2000ದ ದಶಕದ ಆರಂಭದಲ್ಲಿ ದ್ವಿಚಕ್ರ ವಾಹನಗಳಿಗೆ ಗೊತ್ತುಪಡಿಸಿದ ಮಿತಿ ಹೀಗಿತ್ತು: 80 ಸಿಸಿವರೆಗೆ 75 ಡೆಸಿಬೆಲ್, 175 ಸಿಸಿವರೆಗೆ 77, ಅದಕ್ಕೂ ಮೇಲ್ಪಟ್ಟವಕ್ಕೆ 80. ವಾಹನ ವೇಗ ಹೆಚ್ಚಿಸಿಕೊಂಡು ಹಾದುಹೋಗುವಾಗ ಏಳೂವರೆ ಮೀಟರ್ ದೂರದಲ್ಲಿಟ್ಟ ಮೈಕ್ರೊಫೋನಿನಿಂದ ಇದನ್ನು ಅಳೆಯುತ್ತಾರೆ. 80ಕ್ಕೂ 90ಕ್ಕೂ ಹೆಚ್ಚು ಅಂತರವಿಲ್ಲವೆಂದು ತಿಳಿಯಬೇಡಿ. ಡೆಸಿಬೆಲ್ಲಿನ ಲೆಕ್ಕ ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು. 90 ಡೆಸಿಬೆಲ್ಲಿನ ಒಂದು ಗಾಡಿ ನಿಮ್ಮ ಬೀದಿಯಲ್ಲಿ ಹಾದುಹೋಯಿತೆಂದರೆ, ಮಿತಿಯೊಳಗಿನ ಹತ್ತು ಗಾಡಿಗಳು ಒಟ್ಟಿಗೆ ಹಾದುಹೋದಂತೆ. ನೂರು ಮುಟ್ಟಿದರೆ ನೂರು ಗಾಡಿಗಳು.

"ಸದ್ದಿದ್ದರೆ ಲಾರಿಯವರು ಎಚ್ಚೆತ್ತು ದಾರಿ ಬಿಡುತ್ತಾರೆ, ಜೀವ ಉಳಿಯುತ್ತದೆ" ಎಂದೂ ನನ್ನ ಶಿಷ್ಯ ವಾದಿಸಿದ. ಇದು ಅಮೆರಿಕದ ಸವಾರರ ಹಳೆಯ ಘೋಷಣೆ. ಅಲ್ಲಿ ಲಾಸ್ ಏಂಜಲೀಸ್ ಪ್ರದೇಶದ ಒಂಬೈನೂರು ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ ಹ್ಯಾರಿ ಹರ್ಟ್ ಎಂಬ ವಿದ್ವಾಂಸರು 1981ರಲ್ಲಿ ವರದಿ ಪ್ರಕಟಿಸಿದರು. ಮುಕ್ಕಾಲು ಪಾಲಿಗೂ ಹೆಚ್ಚು ಅಪಾಯಗಳು ಸವಾರನ ಮುಂಭಾಗದಿಂದಲೇ ಬಂದಿದ್ದವು. ಹೊಗೆಕೊಳವೆಯ ಬಾಯಿ ಇರುವುದು ಹಿಂದಕ್ಕೆ! ಅಪಾಯ ಎದುರಿನಲ್ಲಿ, ಸದ್ದು ಬೆನ್ನಿಗೆ.

ಆದರೆ ಅವನ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಏಳೂವರೆ ಮೀಟರಿನ ಆ ಪರೀಕ್ಷೆಯನ್ನು ಸಂಚಾರದ ನಡುವೆ ಮಾಡಲಾಗದು. ಹೀಗಾಗಿ ರಸ್ತೆಬದಿಯಲ್ಲಿ ಪೊಲೀಸರ ಕಿವಿಯೇ ಮಾಪಕವಾಗುವುದುಂಟು. ಕರ್ಕಶ ಹಾರ್ನಿನ ಬಸ್ಸು ಪಾರಾಗಿ ಬೈಕಿನವನು ಸಿಕ್ಕಿಬೀಳುವುದೂ ಉಂಟು. ಸೈಲೆನ್ಸರ್‌ಗಳನ್ನು ರಾಶಿ ಹಾಕಿ ರೋಡ್ ರೋಲರ್ ಹತ್ತಿಸುವ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಮಾರಿದ ಅಂಗಡಿಯ ಚಿತ್ರ ಅಷ್ಟಾಗಿ ಬರುವುದಿಲ್ಲ. ಕಾನೂನು ಎಲ್ಲರಿಗೂ ಸಮನಾಗಿ ಅನ್ವಯಿಸಬೇಕೆಂದು ಕೇಳುವುದು ನ್ಯಾಯ. ಅನ್ವಯವಾಗುತ್ತಿಲ್ಲವೆಂಬ ನೆಪದಿಂದ ಕಾನೂನೇ ಬೇಡವೆನ್ನುವುದು ನ್ಯಾಯವಲ್ಲ.

2005ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಶಬ್ದಮಾಲಿನ್ಯದ ಬಗ್ಗೆ ವಿಸ್ತಾರವಾದ ತೀರ್ಪು ನೀಡಿತು. ಆ ಮೊಕದ್ದಮೆಗೆ ಪ್ರೇರಣೆಯಾದುದು ಒಂದು ದಾರುಣ ವರದಿ. ಹದಿಮೂರರ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆದಾಗ ಆಕೆಯ ಕೂಗು ನೆರೆಯ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸದೆ ಹೋಗಿತ್ತು. ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲಿ ಗದ್ದಲದ ಕಾಟವಿಲ್ಲದೆ ಬದುಕುವ ಹಕ್ಕೂ ಸೇರಿದೆಯೆಂದು ನ್ಯಾಯಾಲಯ ಹೇಳಿತು. ಮಾತನಾಡುವ ಸ್ವಾತಂತ್ರ್ಯವೆಂದರೆ ಕೇಳಲೊಲ್ಲದವರ ಕಿವಿಗೆ ಬಲವಂತವಾಗಿ ಸದ್ದು ತುಂಬುವ ಸ್ವಾತಂತ್ರ್ಯವಲ್ಲವೆಂದೂ ಸ್ಪಷ್ಟಪಡಿಸಿತು. 2021ರ ಜುಲೈಯಲ್ಲಿ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠವು, ಯಾರೂ ಅರ್ಜಿ ಸಲ್ಲಿಸದಿದ್ದರೂ, ಮಾರ್ಪಡಿಸಿದ ಸೈಲೆನ್ಸರ್‌ಗಳ ಹಾವಳಿಯನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು.

ಯಾರೂ ಅರ್ಜಿ ಸಲ್ಲಿಸದಿದ್ದರೂ ಎಂಬ ಮಾತನ್ನು ಓದಿದಾಗ ನನಗೆ ನೆನಪಾದದ್ದು ಎದುರುಮನೆಯ ಅಜ್ಜಿ. ಸದ್ದು ಮಾಡುವವನು ಕ್ಷಣದಲ್ಲಿ ಬೀದಿ ದಾಟಿ ಹೋಗುತ್ತಾನೆ. ಎಚ್ಚರವಾದ ರೋಗಿ, ಬೆಚ್ಚಿದ ಮಗು, ಪರೀಕ್ಷೆಗೆ ಓದುವ ಹುಡುಗಿ ಅಲ್ಲೇ ಉಳಿಯುತ್ತಾರೆ. ಅವರು ಯಾರನ್ನು ಹಿಂಬಾಲಿಸಿ ದೂರಬೇಕು? ಅವರ ಪರವಾಗಿ ಮೊದಲೇ ಹೇಳಿಟ್ಟ ಮಾತೇ ಈ 120ನೆಯ ನಿಯಮ.

ನನ್ನ ಶಿಷ್ಯನಿಗೆ ಇದೇ ಉತ್ತರ: ಹೌದಪ್ಪ, ಬರೀ ಸದ್ದಿಗೂ ಒಂದು ಕಾನೂನಿದೆ, ಇರಬೇಕು. ದಂಡ ಕಟ್ಟಿದ್ದಕ್ಕೆ ಬೇಸರಿಸಬೇಡ. ನನಗೆ ಹದಿನೈದು ದಿನ ತಡವಾಗಿ ತಿಳಿದದ್ದು ನಿನಗೆ ರಸ್ತೆಯಲ್ಲೇ ತಿಳಿಯಿತು. ಕಂಪನಿಯ ಸೈಲೆನ್ಸರನ್ನೇ ಹಾಕಿಸಿಕೊಂಡು ಒಂದು ಭಾನುವಾರ ಊರಿಗೆ ಬಾ. ನೀನು ಬಂದದ್ದು ಬಾಗಿಲು ತಟ್ಟಿದ ಮೇಲೆ ತಿಳಿದರೆ ಸಾಕು.