ಗುಂಯ್ ಎನ್ನುವ ಸದ್ದಿಗೂ ಒಂದು ಚರಿತ್ರೆ ಇದೆ

ಜಾತ್ರೆಯಿರಲಿ, ನಾಟಕವಿರಲಿ, ಗಣೇಶನ ಹಬ್ಬದ ಆರ್ಕೆಸ್ಟ್ರಾ ಇರಲಿ, ಮೈಕ್ ಸೆಟ್ ಆನ್ ಮಾಡಿದ ಕೂಡಲೇ ಯಾರೂ ಬಾಯಿ ಬಿಡುವ ಮೊದಲೇ ಒಂದು ಸದ್ದು ಕೇಳುತ್ತದೆ. ಗುಂಯ್... ಮೈಕ್‌ನವರು ಇದಕ್ಕೆ ಹಮ್ಮಿಂಗ್ ಅನ್ನುತ್ತಾರೆ. ದುಂಬಿ ಕಿವಿಯ ಹತ್ತಿರ ಸುತ್ತಿದ ಹಾಗೆ ಇರುವ ಈ ಸದ್ದನ್ನು ಹಾಡಿದವರಿಲ್ಲ, ನುಡಿಸಿದವರಿಲ್ಲ. ಹಾಗಾದರೆ ಇದು ಎಲ್ಲಿಂದ ಬಂತು?

ಉತ್ತರ ಹುಡುಕಲು ಬೆಂಗಳೂರಿನ ಹಳೇ ಪೇಟೆಗೆ ಹೋಗಬೇಕು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತರಗುಪೇಟೆ, ಬಳೇಪೇಟೆ. ಮಾರುವ ಸರಕಿನ ಹೆಸರನ್ನೇ ಇಟ್ಟುಕೊಂಡ ಈ ಬೀದಿಗಳಿಗೆ ನಮ್ಮ ಹಳ್ಳಿಗಳ ಗಾಡಿಗಳು ದವಸ ಹೊತ್ತು ಬರುತ್ತಿದ್ದವು. ಕರೆಂಟು, ಸಿನಿಮಾ, ಮೈಕು ಮೂರೂ ನಮ್ಮ ಕಡೆಗೆ ಬರುವ ಮೊದಲು ಇದೇ ಬೀದಿಗಳ ಆಸುಪಾಸಿನಲ್ಲಿ ಸದ್ದು ಮಾಡಿದವು.

ಮೊದಲು ಕರೆಂಟು ಬಂತು

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಾಯಿತು. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಅದನ್ನು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹೊತ್ತಿತು. ಇಂದು ಕೃಷ್ಣರಾಜೇಂದ್ರ ಮಾರುಕಟ್ಟೆ ಇರುವ ಜಾಗದ ಹತ್ತಿರ ಆ ದೀಪಗಳು ಬೆಳಗಿದವು. ಅಕ್ಕಿಪೇಟೆಯಿಂದ ಅಲ್ಲಿಗೆ ನಡೆದುಕೊಂಡೇ ಹೋಗಬಹುದು.

ಈ ಕರೆಂಟು ಹೊಳೆಯ ಹಾಗೆ ಒಂದೇ ದಿಕ್ಕಿಗೆ ಹರಿಯುವುದಿಲ್ಲ, ಉಯ್ಯಾಲೆಯ ಹಾಗೆ ಹಿಂದೆ ಮುಂದೆ ಜೀಕುತ್ತದೆ. ಒಂದು ಸೆಕೆಂಡಿಗೆ ಎಷ್ಟು ಸಲ ಜೀಕಿತು ಎನ್ನುವುದೇ ಸೈಕಲ್ ಲೆಕ್ಕ. ಶಿವನಸಮುದ್ರದ ಮೊದಲ ಯಂತ್ರಗಳು 25 ಸೈಕಲ್‌ನವು. ಈಗ ದೇಶದ ಎಲ್ಲಾ ಕಡೆ 50. ನಮ್ಮ ಕಿವಿ ಸುಮಾರು 20ರಿಂದ ಮೇಲಿನ ಕಂಪನಗಳನ್ನು ಕೇಳಬಲ್ಲದು. ಅಂದರೆ ತಂತಿಯಲ್ಲಿ ಸದ್ದಿಲ್ಲದೆ ಹರಿಯುವ ಕರೆಂಟಿಗೆ ಒಂದು ಸ್ಪೀಕರ್ ಸಿಕ್ಕಿದರೆ ಅದು ಹಾಡಲು ಶುರು ಮಾಡುತ್ತದೆ. ಆ ಹಾಡೇ ಗುಂಯ್.

ಆಮೇಲೆ ತೂಬು

ಕರೆಂಟಿಗೆ ಬಾಯಿ ಕೊಟ್ಟದ್ದು ವಾಲ್ವ್. ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಮೊದಲ ವಾಲ್ವ್ ಮಾಡಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದರೊಳಗೆ ಇನ್ನೊಂದು ತಂತಿ ಸೇರಿಸಿದರು. ವಾಲ್ವ್ ಅಂದರೆ ನಮ್ಮ ಭಾಷೆಯಲ್ಲಿ ತೂಬು. ಕೆರೆಯ ತೂಬನ್ನು ಒಬ್ಬ ನೀರುಗಂಟಿ ಒಂದು ಗೇಣು ಎತ್ತಿದರೆ ಸಾಕು, ಕಾಲುವೆ ತುಂಬ ನೀರು ನುಗ್ಗುತ್ತದೆ. ಎತ್ತಲು ಬೇಕಾದ ಶಕ್ತಿ ಸ್ವಲ್ಪ, ಹರಿಯುವ ನೀರು ಬಹಳ. ವಾಲ್ವ್ ಕೆಲಸವೂ ಇದೇ. ಗಾಜಿನ ಬುರುಡೆಯೊಳಗೆ ಒಂದು ತಂತಿ ಕೆಂಪಗೆ ಕಾಯುತ್ತದೆ. ಆ ಬಿಸಿಗೆ ಎಲೆಕ್ಟ್ರಾನುಗಳು ಹೊರಡುತ್ತವೆ. ನಡುವೆ ಇರುವ ಜಾಲರಿಯೇ ತೂಬಿನ ಬಾಗಿಲು. ಮೈಕಿನಿಂದ ಬಂದ ಸಣ್ಣ ದನಿ ಆ ಬಾಗಿಲನ್ನು ಅಲುಗಿಸಿದರೆ ಆಚೆ ಕಡೆ ದೊಡ್ಡ ದನಿ ಹೊರಡುತ್ತದೆ.

ಒಂದೇ ತೊಂದರೆ. ತೂಬಿಗೆ ಒಳ್ಳೆಯ ನೀರು ಯಾವುದು, ಕೊಳೆ ನೀರು ಯಾವುದು ಗೊತ್ತಾಗುವುದಿಲ್ಲ. ಹಾಡಿನ ಜೊತೆ ಕರೆಂಟಿನ ಜೀಕೂ ಸ್ವಲ್ಪ ನುಸುಳಿದರೆ ಅದನ್ನೂ ಅಷ್ಟೇ ಶ್ರದ್ಧೆಯಿಂದ ದೊಡ್ಡದು ಮಾಡಿ ಕಳಿಸುತ್ತದೆ.

1934ರ ಮಾರ್ಚ್ 3ರಂದು ಮೊದಲ ಕನ್ನಡ ಮಾತಿನ ಚಿತ್ರ ಸತಿ ಸುಲೋಚನ ಬಿಡುಗಡೆಯಾಯಿತು. ಅದು ಓಡಿದ್ದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಟಾಕೀಸಿನಲ್ಲಿ. ತೆರೆಯ ಮೇಲೆ ಕನ್ನಡ ಕೇಳಿಸಿದ್ದು ವಾಲ್ವ್‌ಗಳಿಂದ. ಮರುವರ್ಷ, 1935ರಲ್ಲಿ, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿ ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟರು. ಆ ಚಿಕ್ಕ ಕೇಂದ್ರ ಮಾತಾಡಿದ್ದೂ ವಾಲ್ವ್‌ಗಳಿಂದಲೇ. 1939ರಲ್ಲಿ ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿ ಹುಟ್ಟಿತು. ಅದರ ರಾಮನವಮಿ ಸಂಗೀತ ಸಾವಿರಾರು ಜನರನ್ನು ಕೋಟೆ ಹೈಸ್ಕೂಲಿನ ಚಪ್ಪರದಡಿ ಕೂರಿಸಿತು. ಅಷ್ಟು ಜನಕ್ಕೆ ತಂಬೂರಿ ಕೇಳಬೇಕಾದರೆ ಲೌಡ್ ಸ್ಪೀಕರ್ ಬೇಕೇ ಬೇಕು. ತಂಬೂರಿಯದು ಒಂದು ಶ್ರುತಿಯಾದರೆ ಹಮ್ಮಿಂಗಿನದು ಇನ್ನೊಂದು ಶ್ರುತಿ. ಎರಡೂ ಕೂಡದಿದ್ದರೆ ಕಿವಿಗೆ ಕಿರಿಕಿರಿ.

ಮೊದಮೊದಲು ವಾಲ್ವ್‌ಗಳು ಹೊರದೇಶದಿಂದ ಬರುತ್ತಿದ್ದವು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಯಿತು. 1961ರಲ್ಲಿ ಅಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಶುರುವಾಯಿತು. 1962ರಲ್ಲೇ ಅದೇ ಕಾರ್ಖಾನೆ ಜರ್ಮೇನಿಯಂ ಸೆಮಿಕಂಡಕ್ಟರ್‌ಗಳನ್ನೂ ಮಾಡತೊಡಗಿತು. ವಾಲ್ವ್ ಹುಟ್ಟಿದ ಮನೆಯಲ್ಲೇ ಅದರ ದಾಯಾದಿಯೂ ಒಂದೇ ವರ್ಷಕ್ಕೆ ಹುಟ್ಟಿದ ಹಾಗಾಯಿತು. ಟ್ರಾನ್ಸಿಸ್ಟರಿಗೆ ಕಾಯುವ ತಂತಿ ಬೇಡ, ಅದು ಗಾಜಿನ ಹಾಗೆ ಒಡೆಯುವುದಿಲ್ಲ, ಬ್ಯಾಟರಿಯಲ್ಲೂ ಓಡುತ್ತದೆ. ಹೊಲಕ್ಕೆ ರೇಡಿಯೋ ಒಯ್ಯಲು ಆಗಿದ್ದು ಟ್ರಾನ್ಸಿಸ್ಟರ್ ಬಂದ ಮೇಲೆ.

ಬೇಸ್ ಗಿಟಾರಿನವರ ಗೋಳು

ಆದರೂ ಇವತ್ತಿಗೂ ಸಣ್ಣ ವಾಲ್ವ್ ಆಂಪ್ಲಿಫೈಯರ್ ಹುಡುಕಿಕೊಂಡು ಹೋಗುವವರಿದ್ದಾರೆ. ಅವರಲ್ಲಿ ಬೇಸ್ ಗಿಟಾರ್ ನುಡಿಸುವವರೂ ಸೇರಿದ್ದಾರೆ. ಆರ್ಕೆಸ್ಟ್ರಾದಲ್ಲಿ ಹಿಂದೆ ನಿಂತು ದಪ್ಪ ನಾಲ್ಕು ತಂತಿಯ ಗಿಟಾರಿನಲ್ಲಿ ದುಂ ದುಂ ಅನ್ನಿಸುವವರೇ ಬೇಸ್‌ನವರು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದರು, 1952ರಲ್ಲಿ ಅದಕ್ಕೆಂದೇ ವಾಲ್ವ್ ಆಂಪ್ಲಿಫೈಯರ್ ತಂದರು. ವಾಲ್ವ್‌ನ ದನಿ ಜೋರು ಮಾಡಿದರೆ ಒಮ್ಮೆಲೇ ಕರ್ಕಶವಾಗದೆ ಮೆಲ್ಲಗೆ ಒರಟಾಗುತ್ತದೆ. ಅದಕ್ಕೇ ಅದರ ಮೇಲೆ ಪ್ರೀತಿ.

ಬೇಸ್‌ನವರಿಗೆ ಹಮ್ಮಿಂಗ್ ಮಾತ್ರ ಬೇರೆಯವರಿಗಿಂತ ದೊಡ್ಡ ಗೋಳು. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಮುಂದಿನದು 55 ಸಲ. ನಮ್ಮ ಕರೆಂಟಿನ 50 ಸರಿಯಾಗಿ ಇವೆರಡರ ನಡುವೆ ಕೂತಿದೆ. ಕೊಳಲಿನವರು ತಗ್ಗು ಸದ್ದನ್ನೆಲ್ಲ ಕಡಿಮೆ ಮಾಡಿ ಹಮ್ಮಿಂಗ್ ಅಡಗಿಸಬಹುದು. ಬೇಸ್‌ನವರು ಹಾಗೆ ಮಾಡಿದರೆ ಹಮ್ಮಿಂಗ್ ಜೊತೆ ಬೇಸೂ ಹೋಗುತ್ತದೆ. ಕಳೆ ಕೀಳಲು ಹೋಗಿ ಪೈರನ್ನೇ ಕಿತ್ತ ಹಾಗೆ.

ರಿಪೇರಿಯವರ ಕಿವಿ

ಹಳೆಯ ರೇಡಿಯೋ ರಿಪೇರಿಯವರು ಮೀಟರ್ ತೆಗೆಯುವ ಮೊದಲು ಕಿವಿ ಕೊಡುತ್ತಿದ್ದರು. ಹಮ್ಮಿಂಗಿನಲ್ಲಿ ಮುಖ್ಯವಾಗಿ ಎರಡು ಜಾತಿ.

ಒಂದು, 100ರ ಹಮ್. ವಾಲ್ವ್‌ಗೆ ಒಂದೇ ದಿಕ್ಕಿನ ಕರೆಂಟು ಬೇಕು. ಹಿಂದೆ ಮುಂದೆ ಜೀಕುವುದನ್ನು ಒಂದೇ ದಿಕ್ಕಿಗೆ ತಿರುಗಿಸುವಾಗ 50 ಎನ್ನುವುದು 100 ಉಬ್ಬುಗಳಾಗುತ್ತದೆ. ಆ ಉಬ್ಬುಗಳನ್ನು ಸಮ ಮಾಡುವುದು ಕೆಪಾಸಿಟರ್ ಎಂಬ ಡಬ್ಬಿ, ಏರಿಳಿವ ನೀರನ್ನು ತೊಟ್ಟಿಯಲ್ಲಿ ತುಂಬಿಸಿ ಒಂದೇ ಸಮ ಬಿಟ್ಟ ಹಾಗೆ. ವರ್ಷಗಳು ಕಳೆದಂತೆ ಅದರೊಳಗಿನ ದ್ರವ ಒಣಗುತ್ತದೆ. ಆಗ ಉಬ್ಬುಗಳು ಹಾಗೇ ಸ್ಪೀಕರಿಗೆ ಬರುತ್ತವೆ. ಅಟ್ಟದ ಮೇಲೆ ಬಹಳ ಕಾಲ ಬಿದ್ದಿದ್ದ ಸೆಟ್ ಆನ್ ಮಾಡಿದರೆ ಗುಂಯ್ ಅನ್ನಲು ಹೆಚ್ಚಾಗಿ ಇದೇ ಕಾರಣ.

ಎರಡು, 50ರ ಹಮ್. ಇದು ಇನ್ನೂ ತಗ್ಗು ದನಿ. ವಾಲ್ವ್ ಕಾಯಿಸುವ 6.3 ವೋಲ್ಟಿನ ತಂತಿಯಿಂದ ನುಸುಳಬಹುದು. ಅದಕ್ಕೇ ಆ ಎರಡು ತಂತಿಗಳನ್ನು ಹಗ್ಗ ಹೊಸೆದ ಹಾಗೆ ಹೊಸೆದಿರುತ್ತಾರೆ, ಒಂದರ ಪ್ರಭಾವವನ್ನು ಇನ್ನೊಂದು ಕಳೆಯಲಿ ಅಂತ. ಗಿಟಾರಿನ ಕಾಯಿಲಿನಿಂದಲೂ ಬರಬಹುದು. ಫೆಂಡರ್ 1957ರಲ್ಲಿ ಪ್ರಿಸಿಷನ್ ಬೇಸಿನ ಕಾಯಿಲನ್ನು ಎರಡು ತುಂಡು ಮಾಡಿ ಒಂದನ್ನು ಉಲ್ಟಾ ಸುತ್ತಿಸಿದರು. ತಂತಿಯ ನಾದ ಉಳಿಯಿತು, ಹೊರಗಿನಿಂದ ಬಂದ ಹಮ್ ಒಂದಕ್ಕೊಂದು ಹೊಡೆದುಕೊಂಡು ಸತ್ತಿತು. ಹಾಗೇ, ಎರಡು ಸೆಟ್ಟುಗಳನ್ನು ದೂರ ದೂರದ ಬೇರೆ ಬೇರೆ ಪಾಯಿಂಟಿಗೆ ಹಾಕಿ ಕೇಬಲ್ಲಿನಿಂದ ಜೋಡಿಸಿದರೂ ಈ ಹಮ್ ಬರುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ತಾನಾಗಿ ನಿಲ್ಲುತ್ತದೆ.

ಪೆಟ್ಟಿಗೆ ಬಿಚ್ಚದೆಯೇ ನೀವು ಮಾಡಬಹುದಾದ ಪರೀಕ್ಷೆ ಇದು. ಗಿಟಾರ್ ಅಥವಾ ಮೈಕಿನ ಪಿನ್ ಕಿತ್ತು ನೋಡಿ. ಹಮ್ ನಿಂತರೆ ತೊಂದರೆ ಹೊರಗಿದೆ: ಕೇಬಲ್, ಗಿಟಾರ್, ಮೈಕ್, ಹತ್ತಿರದ ಟ್ಯೂಬ್‌ಲೈಟ್ ಇವುಗಳಲ್ಲಿ ಹುಡುಕಿ. ನಿಲ್ಲದಿದ್ದರೆ ವಾಲ್ಯೂಮ್ ಪೂರ್ತಿ ಇಳಿಸಿ. ಆಗ ಕಡಿಮೆಯಾದರೆ ಮೊದಲ ವಾಲ್ವ್‌ನ ಆಸುಪಾಸು, ಆಗಲೂ ಹಾಗೇ ಇದ್ದರೆ ಕೆಪಾಸಿಟರ್ ಮೇಲೆ ಅನುಮಾನ. ಇಷ್ಟು ಹೇಳಿದರೆ ರಿಪೇರಿಯವರ ಅರ್ಧ ಕೆಲಸ ಮುಗಿದ ಹಾಗೆ.

ದಪ್ಪ ಪಿನ್ ಕತ್ತರಿಸಬೇಡಿ

ಈ ಚರಿತ್ರೆಯಲ್ಲಿ ಜೀವಕ್ಕೆ ಸಂಬಂಧಿಸಿದ ಮಾತು ಒಂದಿದೆ. ಪ್ಲಗ್ಗಿನ ದಪ್ಪ ಪಿನ್, ಅಂದರೆ ಅರ್ಥಿಂಗ್ ಪಿನ್, ತೆಗೆದರೆ ಕೆಲವೊಮ್ಮೆ ಹಮ್ ನಿಲ್ಲುತ್ತದೆ. ಹೀಗಾಗಿ ಅದನ್ನು ಕತ್ತರಿಸುವ, ಎರಡೇ ತಂತಿಯನ್ನು ಕಡ್ಡಿ ಸಿಕ್ಕಿಸಿ ಹೋಲ್ಡರಿಗೆ ತುರುಕುವ ಚಾಳಿ ಎಲ್ಲಾ ಕಡೆ ಇದೆ. ಹಮ್ ನಿಂತಿತು ಎಂದು ಎಲ್ಲರೂ ಖುಷಿಪಡುತ್ತಾರೆ. ಆದರೆ ಒಳಗೆ ಒಂದು ತಂತಿ ಸುಲಿದು ಪೆಟ್ಟಿಗೆಗೆ ತಗುಲಿದ ದಿನ 230 ವೋಲ್ಟ್ ನೆಲಕ್ಕೆ ಹೋಗಲು ಬೇರೆ ದಾರಿ ಇರುವುದಿಲ್ಲ. ಗಿಟಾರ್ ಹಿಡಿದವರ, ಮೈಕ್ ಹಿಡಿದವರ ಮೈಯೇ ದಾರಿಯಾಗುತ್ತದೆ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿ ಊರಿನಲ್ಲಿ ಲೆಸ್ಲಿ ಹಾರ್ವಿ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆಯೇ ಸತ್ತದ್ದು ಸರಿಯಾಗಿ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ. ಮಳೆ ಬಿದ್ದ ನೆಲದಲ್ಲಿ ಬರಿಗಾಲಲ್ಲಿ ಹಾಡುವ ನಮ್ಮವರಿಗೆ ಈ ಅಪಾಯ ಇನ್ನೂ ಹತ್ತಿರ.

ವಾಲ್ವ್ ಸೆಟ್ ಒಳಗೆ ಕೈ ಹಾಕುವುದೂ ಬೇಡ. ಅದರ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿನಷ್ಟು ಇರಬಹುದು, ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರುತ್ತದೆ. ಆಫ್ ಮಾಡಿದೆ ಅಂತ ನಂಬಿ ಮುಟ್ಟಬಾರದು.

ನಿಮ್ಮೂರ ಭಜನೆ ಮನೆಯಲ್ಲೋ ಶಾಲೆಯ ಸ್ಟೋರ್ ರೂಮಿನಲ್ಲೋ ಗಾಜಿನ ಬುರುಡೆಗಳ ಹಳೆಯ ಆಂಪ್ಲಿಫೈಯರ್ ಇದ್ದರೆ ಗುಜರಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ನೋಡಿ. ವಾಲ್ವ್ ಮೇಲೆ ಬಿಇಎಲ್ ಎಂದು ಬರೆದಿದ್ದರೆ ಅದು ಜಾಲಹಳ್ಳಿಯ ಕೂಸು. ವಾಲ್ವ್ ಗೊತ್ತಿರುವ ರಿಪೇರಿಯವರಿಗೆ ತೋರಿಸಿ, ಕೆಪಾಸಿಟರ್ ಬದಲಾಯಿಸಿ, ಮೂರು ಪಿನ್ನಿನ ಪ್ಲಗ್ ಹಾಕಿಸಿ. ಬಿಡಿ ಭಾಗ ಬೇಕಾದರೆ ಅಕ್ಕಿಪೇಟೆಯಿಂದ ಬಹಳ ದೂರವಿಲ್ಲದ ಸಾದರ್ ಪತ್ರಪ್ಪ ರಸ್ತೆಯಲ್ಲಿ, ಎಸ್‌ಪಿ ರೋಡ್ ಅಂತ ಎಲ್ಲರೂ ಕರೆಯುವ ಬೀದಿಯಲ್ಲಿ, ವಿಚಾರಿಸಬಹುದು. ಕೆಪಾಸಿಟರ್ ಅಂಗಡಿಯಲ್ಲಿ ಸಿಗುತ್ತದೆ. ಹಮ್ ಕೇಳಿಯೇ ರೋಗ ಹೇಳುವ ಕಿವಿ ಅಂಗಡಿಯಲ್ಲಿ ಸಿಗುವುದಿಲ್ಲ. ಅಂಥ ಕಿವಿಯುಳ್ಳ ಒಬ್ಬರು ಹಿರಿಯರು ನಿಮ್ಮ ಹೋಬಳಿಯಲ್ಲಿ ಇನ್ನೂ ಇದ್ದರೆ, ಐಟಿಐ ಓದುವ ಹುಡುಗ ಹುಡುಗಿಯರನ್ನು ಅವರ ಹತ್ತಿರ ನಾಲ್ಕು ದಿನ ಕೂರಿಸಿ.